ಮುಂಬೈಯ 24 ವಾರ್ಡುಗಳಿಗೆ ಬಣ್ಣ ತುಂಬಲು ಹೋಗಿ

2021ರ ಜೂನ್‌ನಲ್ಲಿ ಮುಂಬೈಯ ಕೋವಿಡ್ ಸೋಂಕು ಮತ್ತು ಲಸಿಕೆಯ ನಕ್ಷೆಯನ್ನು ವಾರ್ಡುವಾರು ಬರೆಯಲು ಕುಳಿತಾಗ, ಅದು ಎರಡು ಸಂಜೆಗಳ ಕೆಲಸವೆಂದು ನಾನು ಎಣಿಸಿದ್ದೆ. ಮಹಾನಗರಪಾಲಿಕೆಯ 24 ವಾರ್ಡುಗಳ ಗಡಿರೇಖೆ ಕ್ಯೂಜಿಐಎಸ್ ತಂತ್ರಾಂಶದಲ್ಲಿ ಸಿದ್ಧವಿತ್ತು. ಪ್ರಕಟವಾಗುತ್ತಿದ್ದ ಅಂಕಿಗಳನ್ನು ಅದಕ್ಕೆ ಜೋಡಿಸಿದರೆ ಸಾಕು ಎಂದುಕೊಂಡಿದ್ದೆ.

ಮೊದಲ ಪ್ರಯತ್ನದಲ್ಲಿ ಒಟ್ಟು ಪ್ರಕರಣಗಳಿಗೇ ಬಣ್ಣ ಹಚ್ಚಿದೆ. ಮಲಾಡ್ ಇರುವ ಪಿ ಉತ್ತರ ವಾರ್ಡು ಗಾಢವಾಗಿಯೂ ಮಸ್ಜಿದ್ ಬಂದರದ ಬಿ ವಾರ್ಡು ತೀರ ತಿಳಿಯಾಗಿಯೂ ಕಂಡವು. ಆದರೆ 2011ರ ಜನಗಣತಿಯಂತೆ ಮೊದಲನೆಯದರಲ್ಲಿ 9 ಲಕ್ಷಕ್ಕೂ ಹೆಚ್ಚು ಜನರಿದ್ದರೆ ಎರಡನೆಯದರಲ್ಲಿ ಇದ್ದವರು ಸುಮಾರು 1.27 ಲಕ್ಷ. ಲಕ್ಷ ಜನರಿಗೆ ಎಷ್ಟು ಎಂದು ಭಾಗಿಸಿದ ಮೇಲೆ ಆ ಅಂತರ ಬಹಳ ಕುಗ್ಗಿತು. ಛೇದವಾಗಿ ಬಳಸಿದ ಜನಸಂಖ್ಯೆ ಹತ್ತು ವರ್ಷ ಹಳೆಯದಾಗಿತ್ತು, ನಿಜ. 2021ರ ಗಣತಿ ನಡೆಯದ್ದರಿಂದ ಬೇರೆ ದಾರಿಯಿರಲಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2020ರ ಜುಲೈ ತಿಂಗಳ ಸಮೀಕ್ಷೆ. ನೀತಿ ಆಯೋಗ, ಪಾಲಿಕೆ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ಎಂ ಪಶ್ಚಿಮ, ಎಫ್ ಉತ್ತರ, ಆರ್ ಉತ್ತರ ವಾರ್ಡುಗಳಲ್ಲಿ ರಕ್ತಪರೀಕ್ಷೆ ನಡೆಸಿದಾಗ ಕೊಳೆಗೇರಿಗಳಲ್ಲಿ ಶೇ. 57, ಉಳಿದೆಡೆ ಶೇ. 16 ಮಂದಿಯಲ್ಲಿ ಪ್ರತಿಕಾಯಗಳು, ಅಂದರೆ ಹಿಂದೆ ಸೋಂಕು ತಗುಲಿದ್ದರ ಗುರುತು, ಕಂಡುಬಂದಿದ್ದವು. ಅದೇ ಮೂರು ವಾರ್ಡುಗಳ ಒಳಗೇ ಇಷ್ಟು ವ್ಯತ್ಯಾಸವಿದ್ದರೆ ವಾರ್ಡಿಗೊಂದು ಬಣ್ಣ ಹಚ್ಚುವ ನನ್ನ ವಿಧಾನ ಅದನ್ನು ಪೂರ್ತಿ ಮುಚ್ಚಿಹಾಕುತ್ತಿತ್ತು. ಮೇಲಾಗಿ, ಪರೀಕ್ಷೆಗೆ ಬಂದವರಷ್ಟೇ ಪ್ರಕರಣಗಳ ಪಟ್ಟಿಗೆ ಸೇರುತ್ತಿದ್ದರು. ಆದ್ದರಿಂದ ಕೊಳೆಗೇರಿ ಪ್ರದೇಶಗಳ ಮೇಲೆ ಅಡ್ಡಗೆರೆ ಎಳೆದು, ಅಲ್ಲಿನ ಬಣ್ಣವನ್ನು ನಂಬಬಾರದೆಂದು ಸೂಚಿಸಿದೆ. ನಕ್ಷೆಯ ಅಂದ ಕೆಟ್ಟಿತು, ಕೆಡಲಿ.

ಲಸಿಕೆಯ ನಕ್ಷೆ ಇದಕ್ಕಿಂತ ಮೋಸದ್ದು. ವಾರ್ಡಿನ ಲೆಕ್ಕಕ್ಕೆ ಸೇರುತ್ತಿದ್ದುದು ಚುಚ್ಚುಮದ್ದು ಕೊಟ್ಟ ಕೇಂದ್ರವೇ ಹೊರತು ಪಡೆದವರ ಮನೆಯಲ್ಲ. ಬಾಂದ್ರಾ ಕುರ್ಲಾ ಸಂಕೀರ್ಣದ ಭಾರಿ ಕೇಂದ್ರದಿಂದ ಎಚ್ ಪೂರ್ವ ವಾರ್ಡೂ, ಗೋರೆಗಾಂವಿನ ನೆಸ್ಕೋ ಕೇಂದ್ರದಿಂದ ಪಿ ದಕ್ಷಿಣವೂ ಉಬ್ಬಿ ಕಂಡವು. ನಾನೇ ಡೊಂಬಿವಲಿಯವನು, ಅಂದರೆ ಠಾಣೆ ಜಿಲ್ಲೆಯವನು. ಮೊದಲ ಡೋಸನ್ನು ಗೋರೆಗಾಂವಿನಲ್ಲಿ ಪಡೆದದ್ದರಿಂದ ನನ್ನ ನಕ್ಷೆಯಲ್ಲಿ ಮುಂಬೈಕರನಾಗಿದ್ದೆ. ಮಾಟುಂಗಾದಲ್ಲಿ ಹೋಟೆಲ್ ನಡೆಸುವ ದೊಡ್ಡಪ್ಪ ಇದನ್ನು ತಿರುವಿ ಕೇಳಿದರು: "ನಮ್ಮ ಹುಡುಗರು ಲಾಕ್‌ಡೌನಿಗೆ ಕುಂದಾಪುರಕ್ಕೆ ಹೋದವರು ಅಲ್ಲೇ ಇಂಜೆಕ್ಷನ್ ತಗೊಂಡ್ರು ಮಾರಾಯ. ನಿನ್ನ ಲೆಕ್ಕದಲ್ಲಿ ಅವರು ಎಲ್ಲಿ?" ಅವರು ಉಡುಪಿ ಜಿಲ್ಲೆಯ ಅಂಕಿಯಲ್ಲಿದ್ದರು. ಅದೇ ವರ್ಷ ನವೆಂಬರಿನಲ್ಲಿ ಮುಂಬೈಯ ಮೊದಲ ಡೋಸಿನ ಪ್ರಮಾಣ ಶೇ. 100 ದಾಟಿದ ಸುದ್ದಿ ಬಂದಾಗ ನಾನು ಬೆರಗಾಗಲಿಲ್ಲ; ನನ್ನಂಥ ಹೊರಗಿನವರೂ ಆ ಲೆಕ್ಕದಲ್ಲಿದ್ದರಲ್ಲ.

ಕೊನೆಗೆ ಲಸಿಕೆಗೆ ವಾರ್ಡಿನ ಬಣ್ಣವನ್ನೇ ಕೈಬಿಟ್ಟೆ. ಪ್ರತಿ ಕೇಂದ್ರದ ಮೇಲೆ ಡೋಸುಗಳ ಸಂಖ್ಯೆಗೆ ತಕ್ಕ ಗಾತ್ರದ ವೃತ್ತ ಹಾಕಿ, ಮೂಲೆಯಲ್ಲಿದ್ದ ‘ಲಸಿಕೆ ಪಡೆದವರು’ ಎಂಬ ಶೀರ್ಷಿಕೆಯನ್ನು ಅಳಿಸಿ ‘ಲಸಿಕೆ ಹಾಕಿದ ಸ್ಥಳಗಳು’ ಎಂದು ಬರೆದೆ.