ಮಗೂಗೆ ಉಬ್ಬಸ ಇದ್ಯಾ? ಪ್ಯೂರಿಫೈಯರ್ ಆಮೇಲೆ ತನ್ನಿ, ಮೊದ್ಲು ಹಾಸಿಗೆ ನೋಡಿ

ನಮ್ಮ ಅಕ್ಕನ ಮಗನಿಗೆ ಆರು ವರ್ಷ. ರಾತ್ರಿ ಮೂರು ಗಂಟೆ ಆಯ್ತು ಅಂದ್ರೆ ಕೆಮ್ಮು, ಎದೇಲಿ ಸುಯ್ ಸುಯ್ ಸದ್ದು. ಮನೇಲಿ ಧೂಳು, ಹೊಗೆ ಕಮ್ಮಿ ಮಾಡಿ ಅಂದ್ರು ಡಾಕ್ಟ್ರು. ಭಾವ ಹೋಗಿ ಹದಿನೆಂಟು ಸಾವಿರದ ಏರ್ ಪ್ಯೂರಿಫೈಯರ್ ತಂದಿಟ್ಟು ಅದರ ಪಕ್ಕದಲ್ಲೇ ಸೊಳ್ಳೆ ಕಾಯಿಲ್ ಹಚ್ಚಿದ್ರು! ಹುಡುಗ ಮಲಗ್ತಿದ್ದಿದ್ದು ಅಜ್ಜಿ ಕಾಲದ ಹತ್ತಿ ಹಾಸಿಗೆ ಮೇಲೆ. ಈ ತಪ್ಪನ್ನ ಇನ್ನೂ ನಾಲ್ಕೈದು ಮನೇಲಿ ನೋಡಿದೀನಿ, ಅದಕ್ಕೇ ಬರೀತಿರೋದು.

ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ಅವರ ಲೆಕ್ಕದಲ್ಲಿ ಇಲ್ಲಿ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ. 9 ಇದ್ದಿದ್ದು 1999ಕ್ಕೆ ಶೇ. 29.5 ಆಗಿತ್ತು. ರೋಡಿನ ಹೊಗೆ ನಮ್ಮ ಕೈಲಿಲ್ಲ, ಮಲಗೋ ರೂಮು ಇದೆ.

ಸ್ಟೆಪ್ 1: ಎರಡು ವಾರ ಬರೆದಿಡಿ. ಕೆಮ್ಮು ಎಷ್ಟೊತ್ತಿಗೆ ಬಂತು, ಎಲ್ಲಿ, ಆವತ್ತು ಏನಾಯ್ತು, ಅಷ್ಟೇ. ಒಬ್ಬರಿಗೆ ಬೆಕ್ಕು, ಇನ್ನೊಬ್ಬರಿಗೆ ತಣ್ಣನೆ ಗಾಳಿ, ಮತ್ತೊಬ್ಬರಿಗೆ ಖಾಲಿ ಸೈಟಲ್ಲಿ ಬೆಳೆದಿರೋ ಕಾಂಗ್ರೆಸ್ ಗಿಡ. ಮಕ್ಕಳಲ್ಲಿ ಜಾಸ್ತಿ ಸಲ ನೆಗಡಿ ವೈರಸ್ಸೇ ಕಾರಣ ಆಗಿರುತ್ತೆ, ಅದನ್ನ ಯಾವ ಕ್ಲೀನಿಂಗೂ ತಡೆಯಲ್ಲ.

ಸ್ಟೆಪ್ 2: ಹೊಗೆ ಆಚೆ. ಒಂದು ಕಾಯಿಲ್ ಪೂರ್ತಿ ಉರಿದ್ರೆ ಬರೋ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಅಂತ 2003ರ ಒಂದು ಅಧ್ಯಯನ ಹೇಳುತ್ತೆ. ಸಿಗರೇಟು ಬಾಲ್ಕನೀಲೂ ಬೇಡ, ಬಟ್ಟೆಗೆ ಅಂಟ್ಕೊಂಡು ಒಳಗೆ ಬರುತ್ತೆ. ಊದುಬತ್ತಿ, ಸಾಂಬ್ರಾಣಿ ಮಗು ಇಲ್ಲದಾಗ, ಕಿಟಕಿ ತೆಗೆದಿಟ್ಟು. ಸೊಳ್ಳೆಗೆ ಪರದೆ ಕಟ್ಟಿ, ಅದಕ್ಕಿಂತ ಒಳ್ಳೇದು ನಂಗೆ ಯಾವ್ದೂ ಕಂಡಿಲ್ಲ.

ಸ್ಟೆಪ್ 3: ಹಾಸಿಗೆ. ಎಲ್ಲರೂ ಎಡವೋದು ಇಲ್ಲೇ. ಹಾಸಿಗೆ, ದಿಂಬಲ್ಲಿ ಡಸ್ಟ್ ಮೈಟ್ ಅನ್ನೋ ಹುಳ ಇರುತ್ತೆ, ಸುಮಾರು 0.3 ಮಿಲಿಮೀಟರ್, ಕಣ್ಣಿಗೆ ಕಾಣಲ್ಲ, ನಮ್ಮ ಮೈಯಿಂದ ಉದುರೋ ಚರ್ಮದ ಹೊಟ್ಟೇ ಅದರ ಊಟ. ಅದು ಕಚ್ಚಲ್ಲ. ಅದರ ಹಿಕ್ಕೆ ಪುಡಿಯಾಗಿ ಉಸಿರಲ್ಲಿ ಹೋಗುತ್ತಲ್ಲ, ಅದೇ ತೊಂದ್ರೆ. ಈಗ ನೋಡಿ, ಭಾನುವಾರ ಹಾಸಿಗೇನ ಟೆರೇಸಿಗೆ ಹೊತ್ಕೊಂಡು ಹೋಗಿ ಬಿಸಿಲಿಗೆ ಹಾಕಿ ಕೋಲಲ್ಲಿ ಬಡೀತೀವಿ, ಮಗೂನೂ ಖುಷಿಯಾಗಿ ಒಂದು ಕೋಲು ಹಿಡ್ಕೊಂಡು ಬಡಿಯುತ್ತೆ. ಬಿಸಿಲಿಗೆ ಹುಳ ಸತ್ತರೂ ಹಿಕ್ಕೆ ಎಲ್ಲಿ ಹೋಗುತ್ತೆ? ಅರ್ಧ ಹಾಸಿಗೇಲೇ, ಇನ್ನರ್ಧ ಮಗೂನ ಮೂಗಲ್ಲಿ. ಬಿಸಿಲಿಗೆ ಹಾಕಿ, ಬೇಡ ಅನ್ನಲ್ಲ, ಆದ್ರೆ ಬಡಿಯುವಾಗ ಮಗು ಕೆಳಗಿರ್ಲಿ.

ಆದ್ದರಿಂದ ಹಿಕ್ಕೇನ ಒಳಗೇ ಕೂಡಿಹಾಕೋದು ದಾರಿ. ಹಾಸಿಗೆಗೂ ದಿಂಬಿಗೂ ಆರೂ ಕಡೆ ಮುಚ್ಚೋ, ಜಿಪ್ ಇರೋ, ಒತ್ತಾದ ನೇಯ್ಗೆ ಕವರ್ ಹಾಕಿ. ಅಂಗಡೀಲಿ ಪ್ರೊಟೆಕ್ಟರ್ ಅಂತ ಕೊಡೋದು ಬಹಳಷ್ಟು ಸಲ ನಾಲ್ಕು ಮೂಲೆಗೆ ಎಲಾಸ್ಟಿಕ್ ಇರೋ ಶೀಟು, ಅದು ಉಚ್ಚೆಗೆ ಆಗುತ್ತೆ, ಇದಕ್ಕಲ್ಲ. ನಾವೂ ಒಂದ್ಸಲ ಅದಕ್ಕೆ ದುಡ್ಡು ದಂಡ ಮಾಡಿದೀವಿ. ಬೆಡ್‌ಶೀಟು, ದಿಂಬಿನ ಕವರು, ಹೊದಿಕೆ ವಾರಕ್ಕೊಂದ್ಸಲ 60 ಡಿಗ್ರಿ ನೀರಲ್ಲಿ ಒಗೀರಿ, ಹೀಟರ್ ಇರೋ ಮಷಿನಲ್ಲಿ ಆ ಸೆಟ್ಟಿಂಗ್ ಇರುತ್ತೆ. ಉಗುರುಬೆಚ್ಚಗಿನ ನೀರಲ್ಲಿ ಹಿಕ್ಕೆ ಒಂದಷ್ಟು ಹೋಗುತ್ತೆ, ಹುಳಕ್ಕೆ ಮಾತ್ರ ಸ್ನಾನ ಆಗುತ್ತೆ ಅಷ್ಟೇ. ಬಿಸಿನೀರು ತಡೆಯದ ಟೆಡ್ಡಿ ಬೇರ್‌ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಒಂದು ದಿನ ಫ್ರೀಜರಲ್ಲಿಟ್ಟು ಆಮೇಲೆ ಒಗೀರಿ. ಬರೀ ಫ್ರೀಜರಲ್ಲಿಟ್ಟು ವಾಪಸ್ ಕೊಟ್ರೆ ಮತ್ತೆ ಅದೇ ಹಿಕ್ಕೆ ಕಥೆ. ಕೌದಿ, ಉಣ್ಣೆ ಕಂಬಳಿ ಈ ರೂಮಲ್ಲಿ ಬೇಡ, ಅಜ್ಜಿ ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಮತ್ತೆ ಕವರ್ ಒಂದನ್ನೇ ಹಾಕಿ ಸುಮ್ಮನಾದ್ರೆ ವ್ಯತ್ಯಾಸ ಏನೂ ಗೊತ್ತಾಗಲ್ಲ, ಒಗೆಯೋದು, ಒರೆಸೋದು ಎಲ್ಲಾ ಜೊತೇಲೇ ಆಗ್ಬೇಕು.

ಸ್ಟೆಪ್ 4: ಪೊರಕೆ ಬಿಡಿ, ಒದ್ದೆ ಬಟ್ಟೇಲಿ ಒರೆಸಿ.

ಸ್ಟೆಪ್ 5: ಬೀರು ಹಿಂದೆ ಬೂಸ್ಟು ಬಂದಿದ್ಯಾ ನೋಡಿ, ಬೀರೂನ ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೀರಿ. ಬರೀ ಪೇಂಟ್ ಹೊಡೆದ್ರೆ ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತೆ, ನೀರು ಎಲ್ಲಿಂದ ಸೋರ್ತಿದೆ ಅದನ್ನ ಹಿಡೀರಿ. ಜಿರಳೆಗೆ ಸ್ಪ್ರೇ ಬೇಡ, ಜೆಲ್ ಸಾಕು.

ಇದೆಲ್ಲಾ ಮಾಡಿದ್ವಿ ಅಂತ ಡಾಕ್ಟ್ರು ಕೊಟ್ಟ ದಿನದ ಇನ್ಹೇಲರ್ ನಿಲ್ಲಿಸ್ಬೇಡಿ. ಸ್ಪೇಸರ್ (ಇನ್ಹೇಲರ್ ಮುಂದೆ ಸಿಕ್ಕಿಸೋ ಪ್ಲಾಸ್ಟಿಕ್ ಕೊಳವೆ) ಇಲ್ಲದೆ ಚಿಕ್ಕ ಮಕ್ಕಳಿಗೆ ಪಫ್ ಕೊಟ್ರೆ ಔಷಧಿ ಹೆಚ್ಚು ಪಾಲು ಬಾಯಿ, ಗಂಟಲಲ್ಲೇ ಉಳಿಯುತ್ತೆ. ಇನ್ನು ಅಕ್ಕನ ಮಗನ ಉಬ್ಬಸಕ್ಕೆ ಮೃಗಶಿರ ಮಳೆ ಹೊತ್ತಿಗೆ ಹೈದರಾಬಾದಿಗೆ ಹೋಗಿ ಮೀನು ನುಂಗಿಸ್ಕೊಂಡು ಬರೋಣ ಅಂದ ನೆಂಟರಿಗೆ ನಮ್ಮಕ್ಕ ಕಾಫಿ ಕೊಟ್ಟು ಕಳಿಸಿದ್ಲು. ಉಬ್ಬಸ ಬಂದಾಗ ಕೊಡೋಕೆ ಅಂತ ಡಾಕ್ಟ್ರು ಬರೆದ ಇನ್ಹೇಲರಿನ ಪಫ್ ಕೊಟ್ಟ ಮೇಲೂ ಪಕ್ಕೆಲುಬಿನ ಮಧ್ಯೆ ಚರ್ಮ ಒಳಕ್ಕೆ ಎಳೀತಿದ್ರೆ, ಒಂದು ವಾಕ್ಯ ಪೂರ್ತಿ ಮಾತಾಡೋಕಾಗ್ದಿದ್ರೆ, ತುಟಿ ನೀಲಿ ಆಗ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಗ್ಲೇ ಆಸ್ಪತ್ರೆಗೆ ಹೊರಡಿ, ದಾರೀಲೂ ಅದೇ ಪಫ್ ಕೊಡ್ತಾ ಇರಿ.