ಪೋಡಿನ ಅಂಗನವಾಡಿಯಲ್ಲಿ ಅಜ್ಜಿಯೇ ಟೀಚರ್

ನಾನು ಅಂಗನವಾಡಿ ಟೀಚರ್. ಹುಟ್ಟಿ ಬೆಳೆದದ್ದು ಯಳಂದೂರಿನ ಬಯಲು ಕಡೆ. ಕೆಲಸ ಮಾತ್ರ ಬಿಳಿಗಿರಿರಂಗನ ಬೆಟ್ಟದ ಒಂದು ಸೋಲಿಗರ ಪೋಡಿನಲ್ಲಿ. ಸೋಲಿಗರು ಇಲ್ಲಿನ ಆದಿವಾಸಿಗಳು, ಪೋಡು ಅಂದರೆ ಅವರ ಪುಟ್ಟ ಊರು. 3ರಿಂದ 6 ವರ್ಷದ ಮಕ್ಕಳು ನನ್ನ ಪಾಲಿಗೆ. ಆರು ತುಂಬಿದ ಮೇಲೆ ಇವರಲ್ಲಿ ಬಹಳ ಮಂದಿ ಆಶ್ರಮ ಶಾಲೆಗೆ ಹೋಗುತ್ತಾರೆ. ಅಲ್ಲೇ ಊಟ, ಅಲ್ಲೇ ನಿದ್ದೆ. ಮನೆಗೆ ಬರೋದು ಹಬ್ಬಕ್ಕೆ, ರಜೆಗೆ. ಅಂದರೆ ಅಜ್ಜ ಅಜ್ಜಿಯರ ಬೆನ್ನಿಗೆ ಬಿದ್ದು ಕಾಡು ಮೇಡು ಕಲಿಯೋಕೆ ಇವರಿಗೆ ಸಿಗೋದು ಈ ಮೂರೇ ವರ್ಷ. ಅದನ್ನೂ ನಾನು ನಾಲ್ಕು ಗೋಡೆಯೊಳಗೆ ಚಾರ್ಟ್ ತೋರಿಸಿಕೊಂಡು ಮುಗಿಸಿಬಿಟ್ಟರೆ ಹೇಗೆ? ನಾನು ಮುಂದೆ ಮಾಡಿದ್ದಕ್ಕೆಲ್ಲ ಕಾರಣ ಇಷ್ಟೇ.

ಚಾರ್ಟ್ ಅಂದೆನಲ್ಲ, ನಮ್ಮ ಗೋಡೆಯ ಮೇಲೆ ಒಂದು ಆನೆ ಇತ್ತು. ಚೆಂಡು ಎತ್ತಿಕೊಂಡು ನಗುವ ಆನೆ. ಈ ಪೋಡಿನ ಮೂರು ವರ್ಷದ ಮಗುವಿಗೆ ಆನೆ ಅಂದರೆ ಮೊದಲು ವಾಸನೆ, ಆಮೇಲೆ ಕೊಂಬೆ ಮುರಿಯುವ ಸದ್ದು, ಆಮೇಲೆ ಅಮ್ಮ ಬಂದು ರಟ್ಟೆ ಹಿಡಿದು ಒಳಗೆ ಎಳೆಯೋದು. ಲದ್ದಿ ನೋಡಿ ಹಳೇದೋ ಈಗಿನದೋ ಹೇಳುವ ಮಕ್ಕಳಿಗೆ ಚೆಂಡಿನ ಆನೆ ತೋರಿಸಿ 'ಇದೇನು ಹೇಳಿ' ಅಂತ ಕೇಳೋಕೆ ನನಗೇ ನಾಚಿಕೆ ಆಗುತ್ತಿತ್ತು.

ಕಾಡಿನ ವಿಷಯದಲ್ಲಿ ನಾನು ಟೀಚರ್ ಆಗೋಕೆ ಸಾಧ್ಯವೇ ಇರಲಿಲ್ಲ. ನನಗೆ ಗೊತ್ತಿದ್ದರೆ ತಾನೇ! ಹಾಗಾಗಿ ಮೊದಲು ಹೋಗಿ ಕೇಳಿದ್ದು ಪೋಡಿನ ಒಬ್ಬ ಅಜ್ಜಿಯನ್ನು. ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ಎಲ್ಲ ಕೇಳಿಸಿಕೊಂಡರು. 'ಕೂತ್ಕೊಂಡು ಹೇಳಕ್ಕಾಗಲ್ಲ ಕಣವ್ವ, ನಡೀಬೇಕು' ಅಂದರು. ಸರಿ, ನಡೆದೆವು.

ನಡೆಯೋದು ಅಂದರೆ ದೂರ ಏನಿಲ್ಲ, ಪೋಡಿನ ಅಂಚಿನವರೆಗೆ. ಇದು ಹುಲಿ ಸಂರಕ್ಷಿತ ಪ್ರದೇಶ, ಆಟದ ಮಾತಲ್ಲ. ಬಿಸಿಲು ಏರಿದ ಮೇಲೇ ಹೊರಡೋದು. ಮುಂದೆ ಅಜ್ಜಿ, ಹಿಂದೆ ನಾನು, ನಡುವೆ ಮಕ್ಕಳು. ಹಿಂದಿನ ರಾತ್ರಿ ಆನೆ ಬಂದು ಹೋಗಿದ್ದರೆ ಅವತ್ತು ಅಂಗಳ ದಾಟೋ ಹಾಗಿಲ್ಲ. ಮಳೆಗಾಲದಲ್ಲಂತೂ ಜಗಲಿಯೇ ಗತಿ. ಹೊರಡೋದೋ ಬಿಡೋದೋ ಅಂತ ತೀರ್ಮಾನ ಮಾಡೋದು ಅಜ್ಜಿ, ನಾನಲ್ಲ.

ಮಳೆ ಮುಗಿದು ಬಳ್ಳಿ ಹಳದಿ ತಿರುಗಿದ ಮೇಲೆ ನೂರೆ ಗೆಣಸು ಅನ್ನುವ ಕಾಡುಗೆಡ್ಡೆ ಅಗೆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಜ್ಜಿ ಬಳ್ಳಿ ಹಿಡಿದು ಬುಡದವರೆಗೆ ಕೈ ಜಾರಿಸಿಕೊಂಡು ಹೋದರು. ಮಕ್ಕಳೂ ಒಬ್ಬರ ಹಿಂದೆ ಒಬ್ಬರು ಹಾಗೇ ಕೈ ಜಾರಿಸಿದರು. ಆಮೇಲೆ ಕೋಲಿನಲ್ಲಿ ಬದಿಯಿಂದ ಕೆದಕೋಕೆ ಶುರು. ನೇರ ಕುಟ್ಟಿದರೆ ಗೆಣಸು ತುಂಡಾಗುತ್ತದೆ. ಮಣ್ಣು ತೆಗೆಯೋದು ಮಕ್ಕಳ ಕೆಲಸ. ಒಂದು ಹುಡುಗಿ ತೋಳುದ್ದ ಗುಂಡಿಗೆ ಹೊಟ್ಟೆ ಮೇಲೆ ಮಲಗಿ ಕೈ ಇಳಿಸಿ, 'ಇನ್ನೂ ಐತೆ, ಇನ್ನೂ ಐತೆ' ಅಂತ ಕೂಗುತ್ತಿದ್ದಳು. ಗೆಣಸು ಮೇಲೆ ಬಂದ ಮೇಲೆ ಅಜ್ಜಿ ಬಳ್ಳಿ ಕೂಡಿದ್ದ ತಲೆಭಾಗವನ್ನು ಕೊಯ್ದು ಅದೇ ಗುಂಡಿಗೆ ಇಟ್ಟರು. ಮಣ್ಣು ಮುಚ್ಚಿಸಿದ್ದು ಮಕ್ಕಳ ಕೈಯಲ್ಲೇ. ಆ ತಲೆ ಮುಂದಿನ ಮಳೆಗೆ ಚಿಗುರುತ್ತದೆ. ಯಾಕೆ ಹೀಗೆ ಅಂತ ಅಜ್ಜಿ ಯಾರಿಗೂ ಭಾಷಣ ಮಾಡಲಿಲ್ಲ. ಆದರೆ ಮಾರನೇ ದಿನ ನನ್ನ ಮರಳುಗುಡ್ಡೆಯಲ್ಲಿ ಮಕ್ಕಳು ಕಡ್ಡಿ ಹೂತು, ಅಗೆದು, ಕೊನೆಗೊಂದು ಚೂರು ಒಳಗಿಟ್ಟು ಮಣ್ಣು ತಟ್ಟುತ್ತಿದ್ದರು. ಚಾರ್ಟಿನಿಂದ ಇಂಥ ಆಟ ಹುಟ್ಟಿದ್ದು ನಾನಂತೂ ನೋಡಿಲ್ಲ.

ಜೇನಿಗೆ ಹೊರಗೆ ಹೋಗುವ ಅಗತ್ಯವೇ ಬೀಳಲಿಲ್ಲ. ಅಂಗನವಾಡಿಯ ಗೋಡೆ ಬಿರುಕಿನಲ್ಲೇ ನಸರಿ ಜೇನು ಇತ್ತು. ಚುಚ್ಚುವ ಮುಳ್ಳಿಲ್ಲದ ಪುಟ್ಟ ಹುಳ. ಬಿರುಕಿನ ಬಾಯಿಗೆ ಮೇಣದ ಸಣ್ಣ ಕೊಳವೆ ಕಟ್ಟಿಕೊಂಡು ಅದರ ಅಂಚಿನಲ್ಲಿ ಸುತ್ತಲೂ ಕಾವಲು ಕೂತಿರುತ್ತದೆ. ಗೋಡೆಗೆ ಸುಣ್ಣ ಬಳಿಯುವವರು ಅದನ್ನು ಮುಚ್ಚೋಕೆ ಬಂದಾಗ ಮಕ್ಕಳೇ ಅಡ್ಡ ನಿಂತರು. ಅಲ್ಲಿಂದ ಮಾತು ಮುಂದುವರಿಯಿತು. ಪೊದೆಯ ಕಡ್ಡಿಗೆ ಕಟ್ಟುವ ಕಡ್ಡಿಜೇನು, ಪೊಟರೆಯೊಳಗಿನ ತುಡುವೆ, ಬಂಡೆಗೂ ದೊಡ್ಡ ಮರಕ್ಕೂ ಕಟ್ಟುವ ಹೆಜ್ಜೇನು. ಒಬ್ಬ ಅಜ್ಜ ಬಂದು, ಜೇನು ಕೀಳುವಾಗ ಕರಡಿಗೂ ಒಂದು ಪಾಲು ಬಿಡೋದು ಹೇಗೆ ಅಂತ ಹೇಳಿದರು. ಸಣ್ಣದು ದೊಡ್ಡದು, ಮೇಲೆ ಕೆಳಗೆ, ಒಳಗೆ ಹೊರಗೆ: ನಮ್ಮ ಶಾಲಾಪೂರ್ವ ಪಾಠದಲ್ಲಿ ಬರಬೇಕಾದ್ದೆಲ್ಲ ಇದರಲ್ಲೇ ಬಂತು.

ಉಳಿದವು ಸಣ್ಣಪುಟ್ಟವು. ಚಳಿಗಾಲದಲ್ಲಿ ನೆಲ್ಲಿಕಾಯಿ ಎಣಿಸೋದು. ಅಂಟುವಾಳದ ಕಾಯಿ ನೆನೆಸಿ ನೊರೆ ಬರಿಸಿ ಕೈ ತೊಳೆಯೋದು. ಲಂಟಾನಾ ಅನ್ನುವ ಕಳೆಪೊದೆಯ ಕಡ್ಡಿಯ ಸಿಪ್ಪೆ ಸುಲಿದು ಉದ್ದ ಗಿಡ್ಡ ಜೋಡಿಸೋದು. (ಲಂಟಾನಾ ಇಲ್ಲಿ ಎಷ್ಟು ಹಬ್ಬಿದೆ ಅಂದರೆ ಕಡ್ಡಿಗಂತೂ ಬರ ಇಲ್ಲ. ಹಿಂದೆ ಬೇಸಿಗೆಯ ಮೊದಲಿಗೇ ತರಗು ಬೆಂಕಿ, ಅಂದರೆ ನೆಲದ ಒಣ ಎಲೆಗೆ ಸಣ್ಣ ಬೆಂಕಿ, ಕೊಡುತ್ತಿದ್ದೆವು, ಅದು ನಿಂತ ಮೇಲೇ ಈ ಗಿಡ ಏರಿತು ಅಂತಾರೆ ಹಿರಿಯರು.) ಸೋಲಿಗರ ಗೊರುಕನ ಕುಣಿತವಂತೂ ಹೇಳಿಕೊಡಬೇಕಾಗಲೇ ಇಲ್ಲ. ಒಬ್ಬ ಹೆಜ್ಜೆ ಹಾಕಿದರೆ ಸಾಲು ತಾನಾಗಿ ಕೂಡುತ್ತದೆ.

ಇಲ್ಲಿ ಒಂದು ವಿಷಯ ಹೊರಗಿನವರಿಗೆ ಬೇಗ ಹೊಳೆಯೋದಿಲ್ಲ. ಕಾಡು ಎಲ್ಲರಿಗೂ ಒಂದೇ ಥರ ಸೇರಿದ್ದಲ್ಲ. ಸೋಲಿಗರಲ್ಲಿ ತೆನೇರು, ಸೂರೀರು, ಹಾಲೇರು ಅಂತ ಕುಲಗಳಿವೆ. ಒಂದೊಂದು ಕುಲಕ್ಕೂ ಅದರದ್ದೇ ಎಲ್ಲೆ ಇದೆ. ಆ ಎಲ್ಲೆಯೊಳಗೆ ಅವರ ದೇವರು, ಮಾರಮ್ಮ, ವೀರು, ಅಬ್ಬಿ, ಹಿರಿಯರ ಕಲ್ಲುಗುಡಿ, ಹೀಗೆ ಅವರು ಪವಿತ್ರ ಅಂತ ನಂಬುವ ಜಾಗಗಳು. ಹಿಂದೆ ಹಿರಿಯರು, ಸಂಶೋಧಕರು ಕೂಡಿ ಇಂಥ 400ಕ್ಕೂ ಹೆಚ್ಚು ತಾಣಗಳನ್ನು ನಕ್ಷೆಯಲ್ಲಿ ಗುರುತಿಸಿದ್ದಾರೆ. ಹಾಗಾಗಿ ಯಾವ ಮಗುವಿಗೆ ಯಾವ ಜಾಗದ ಕಥೆ ಯಾರು ಹೇಳಬೇಕು ಅನ್ನೋದಕ್ಕೂ ಒಂದು ಲೆಕ್ಕ ಇದೆ. ನಾನು ದೇವರ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯಲ್ಲ. ಅದು ಮನೆಯವರ ಕೆಲಸ. ಔಷಧಿ ಬೇರಿನ ವಿಷಯ, ಹೆಜ್ಜೇನು ಬಂಡೆ ಎಲ್ಲಿದೆ ಅನ್ನೋದು, ಇವನ್ನು ಬರೆದಿಡೋದೂ ಇಲ್ಲ, ಮೊಬೈಲಿನಲ್ಲಿ ಹಿಡಿಯೋದೂ ಇಲ್ಲ. ಅಂಗನವಾಡಿಗೆ ಗೆಣಸು, ನೆಲ್ಲಿ, ನಸರಿ ಸಾಕು.

ವಿರೋಧ ಬಂದದ್ದು ನಾನು ಎಣಿಸಿದ ಕಡೆಯಿಂದ ಅಲ್ಲ. ಮೇಲಿನವರು ಹೆಚ್ಚೇನೂ ಅನ್ನಲಿಲ್ಲ. ತಿಂಗಳ ವಿಷಯಗಳಲ್ಲಿ ಮರ ಗಿಡ, ನೀರು, ಪ್ರಾಣಿ ಹೇಗೂ ಇರುತ್ತವಲ್ಲ, ಅದರಡಿಯೇ ಬರೆದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಚಿಕ್ಕ ಮಕ್ಕಳಿಗೆ ಮನೆಮಾತಿನಲ್ಲೇ ಕಲಿಸಿ ಅನ್ನುತ್ತದೆ. ಬೇಡ ಅಂದದ್ದು ಒಬ್ಬ ತಾಯಿ. 'ಕಾಡು ನಾವು ಕಲಿಸ್ತೀವಿ ಟೀಚರ್. ನಿಮ್ಮ ಹತ್ರ ಕಳಿಸೋದು ಅಕ್ಷರಕ್ಕೆ. ನಮ್ಮ ಮಕ್ಕಳೂ ಕಾಡಲ್ಲೇ ಇರ್ಲಿ ಅಂತಾನಾ ನಿಮಗೆ?'

ಆಕೆ ಕೇಳಿದ್ದರಲ್ಲಿ ತಪ್ಪಿಲ್ಲ. ಬಯಲು ಕಡೆಯಿಂದ ಬಂದ ನಾನು ಕಾಡು ಚೆಂದ ಅನ್ನೋದು ಸುಲಭ. ಕಾಡಲ್ಲಿ ಇದ್ದದ್ದಕ್ಕೇ ಇವರು ಪಟ್ಟ ಪಾಡು ಬೇರೆ. 1974ರಲ್ಲಿ ಇದು ವನ್ಯಜೀವಿ ಧಾಮ ಆದ ಮೇಲೆ ಬೇಟೆಯೂ ನಿಂತಿತು, ಕಾಡು ಕಡಿದು ಮಾಡುವ ಬೇಸಾಯವೂ ನಿಂತಿತು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕೂ ಸಿಕ್ಕಿತು, ಅದೂ ಹೋರಾಡಿದ ಮೇಲೆ. ಆ ತಾಯಿಗೆ ನಾನು ಹೇಳಿದ್ದು ಇಷ್ಟೇ: ಅಕ್ಷರ ಬಿಡಲ್ಲ, ದಿನಾ ಮಾಡಿಸ್ತೀನಿ. ಆದರೆ ನೀವು ಕಾಫಿ ತೋಟದ ಕೆಲಸ ಮುಗಿಸಿ ಬರೋದು ಸಂಜೆಗೆ. ಕಾಡು ಕಲಿಸೋದು ಯಾವಾಗ? ಆಕೆ ಒಪ್ಪಿದರು ಅಂತ ಹೇಳಲಾರೆ. ಮಗುವನ್ನು ಕಳಿಸೋದಂತೂ ನಿಲ್ಲಿಸಲಿಲ್ಲ. ಅಕ್ಷರ ಎಷ್ಟು ಬಂತು ಅಂತ ಈಗಲೂ ಸಂಜೆ ಬಂದು ಕೇಳುತ್ತಾರೆ, ನಾನು ತೋರಿಸುತ್ತೇನೆ.

ಹುಣಸೂರು ಕಡೆಯ ಜೇನುಕುರುಬರ ಹಾಡಿಯೊಂದರ ಟೀಚರ್ ಇತ್ತೀಚೆಗೆ ಫೋನ್ ಮಾಡಿ ನನ್ನ ಚಟುವಟಿಕೆಗಳ ಪಟ್ಟಿ ಕೇಳಿದರು. ಕಳಿಸಲಿಲ್ಲ. ನನ್ನ ಪಟ್ಟಿ ಅವರ ಹಾಡಿಗೆ ಇನ್ನೊಂದು ಚಾರ್ಟ್ ಆಗುತ್ತದೆ ಅಷ್ಟೇ. ಮೊದಲು ಅಲ್ಲಿಯ ಹಿರಿಯರನ್ನು ಕೇಳಿ ಅಂದೆ. ಕೇಳುವ ಮುಂಚೆ ಅವರಿಗೆ ಏನು ಕೊಡ್ತೀರಿ ಅಂತ ಯೋಚಿಸಿ ಅಂತಲೂ ಹೇಳಿದೆ. ನಮ್ಮ ಅಜ್ಜಿ ಅರ್ಧ ದಿನದ ಕೂಲಿ ಬಿಟ್ಟು ಬರುತ್ತಾರೆ. ಚಾರ್ಟಿಗೆ, ಆಟಿಕೆಗೆ ದುಡ್ಡಿದೆ. ಅಜ್ಜಿಗೆ ಕೊಡೋಕೆ ಯಾವ ಲೆಕ್ಕದಲ್ಲೂ ಜಾಗ ಇಲ್ಲ. ಈಗ ಒಂದು ಊಟ, ಜೊತೆಗೆ ನನ್ನ ಕೈಯಿಂದ ಅಷ್ಟಿಷ್ಟು ಕೊಡುತ್ತಿದ್ದೇನೆ. ಗೌರವಧನ ಕೊಡಿ ಅಂತ ಅರ್ಜಿ ಹಾಕಿದ್ದೇನೆ, ಗ್ರಾಮಸಭೆಯಲ್ಲೂ ಎತ್ತಿದ್ದೇನೆ. ಉತ್ತರ ಬರಲಿಲ್ಲ ಅಂದರೆ ಮುಂದಿನ ಸಭೆಯಲ್ಲಿ ಅಜ್ಜಿಯೇ ಎದ್ದು ನಿಂತು ಕೇಳುತ್ತಾರಂತೆ.