ಅಲ್ಪವಿರಾಮಕ್ಕೆ ನಿಂತ ಬೆಟ್ಟ

ಫ್ರೆಂಚ್ ಲೇಖಕ ರೆನೆ ದೋಮಾಲ್‌ನ ಕಾದಂಬರಿ ‘ಮೌಂಟ್ ಅನಲಾಗ್’ ತೆಳ್ಳನೆಯ ಪುಸ್ತಕ. ಅದನ್ನು ಮುಗಿಸಲು ನನಗೆ ನಾಲ್ಕು ವರ್ಷ ಹಿಡಿಯಿತು. ಎರಡು ಸಲ ಅರ್ಧಕ್ಕೇ ಕೈಬಿಟ್ಟಿದ್ದೆ. ಮೂರನೇ ಸಲ ದಾಟಿದ್ದು ನನ್ನ ಜಾಣತನದಿಂದಲ್ಲ, ನಮ್ಮವ್ವನಿಂದ.

ನಾನು ಗದಗಿನವನು, ನೌಕರಿ ಹುಬ್ಬಳ್ಳಿಯಲ್ಲಿ, ಲೆಕ್ಕಪತ್ರ ಬರೆಯುವ ಕೆಲಸ. ದಿನಾ ರೈಲಿನಲ್ಲಿ ಅಪ್-ಡೌನ್. ನನ್ನ ಓದೆಲ್ಲ ಈ ರೈಲಿನಲ್ಲೇ ಆಗಬೇಕು. ಅಣ್ಣಿಗೇರಿವರೆಗೆ ಪುಸ್ತಕ ತೊಡೆಯ ಮೇಲೆ. ಅಲ್ಲಿ ಮಂದಿ ಹತ್ತಿದ ಮೇಲೆ ಎದೆಗೆ ಆನಿಸಿಕೊಂಡು.

ಕಥೆ ಇಷ್ಟು. ಭೂಮಿಯ ಮೇಲಿನ ಎಲ್ಲ ಬೆಟ್ಟಗಳಿಗಿಂತ ಎತ್ತರವಾದ ಒಂದು ಬೆಟ್ಟ ಇದೆ, ಯಾರಿಗೂ ಕಾಣುವುದಿಲ್ಲ. ಅದರ ತುದಿ ಮನುಷ್ಯರಿಗೆ ನಿಲುಕದಷ್ಟು ಮೇಲೆ, ಬುಡ ಮಾತ್ರ ಕಾಲಿಗೆ ಸಿಗುವಂತೆ ಇರಲೇಬೇಕು. ಅದನ್ನು ಹುಡುಕಲು ಪ್ಯಾರಿಸ್ಸಿನಿಂದ ಒಂದು ತಂಡ ‘ಇಂಪಾಸಿಬಲ್’ ಅನ್ನುವ ಹಡಗು ಹತ್ತುತ್ತದೆ. ತಂಡದ ಮುಂದಾಳು ಸೊಗೋಲ್.

ಮೊದಲ ಸಲ ನಾನು ಸಿಕ್ಕಿಬಿದ್ದದ್ದು ಈ ಹೆಸರಿನಲ್ಲೇ. ಇಂಗ್ಲಿಷಿನಲ್ಲಿ ಇದರ ಅಕ್ಷರ ತಿರುಗಿಸಿ ಓದಿದರೆ ‘ಲೋಗೋಸ್’ ಆಗುತ್ತದೆ, ಗ್ರೀಕಿನಲ್ಲಿ ಮಾತು, ವಿವೇಕ ಅಂತ ಅರ್ಥ. ಒಂದು ಒಗಟು ಬಿಡಿಸಿದ ಖುಷಿಗೆ ಉಳಿದ ಹೆಸರುಗಳನ್ನೆಲ್ಲ ಹಿಂದು-ಮುಂದು ತಿರುಗಿಸುತ್ತ ಎರಡು ವಾರ ಕಳೆದೆ. ಪುಟ ಮುಂದೆ ಹೋಗಲಿಲ್ಲ. ಎರಡನೇ ಸಲ ಇನ್ನೂ ದೊಡ್ಡ ತಪ್ಪು ಮಾಡಿದೆ: ಓದುವ ಮೊದಲೇ ಬೇರೆಯವರು ಬರೆದ ವ್ಯಾಖ್ಯಾನ ಓದಿಕೊಂಡೆ. ಹಡಗು ಅಂದರೆ ದೇಹ, ಬೆಟ್ಟ ಅಂದರೆ ಮುಕ್ತಿ ಎಂದು ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿಟ್ಟೆ. ಉತ್ತರವೇ ಸಿಕ್ಕಮೇಲೆ ಲೆಕ್ಕ ಯಾರು ಮಾಡುತ್ತಾರೆ? ಮತ್ತೆ ಕಪಾಟು ಸೇರಿತು.

ಮೂರನೇ ಸಲಕ್ಕೆ ಕಾರಣ ಅವ್ವನ ಕಣ್ಣಿನ ಪೊರೆಯ ಆಪರೇಷನ್ನು. ಒಂದು ತಿಂಗಳು ಟಿವಿ ನೋಡಬಾರದು ಅಂದರು. ಧಾರಾವಾಹಿ ತಪ್ಪಿದ ಬೇಸರಕ್ಕೆ ಒಂದು ಸಂಜೆ, “ದಿನಾ ಅದನ್ನ ಹಿಡಕೊಂಡು ಅಡ್ಡಾಡ್ತಿಯಲ್ಲ, ಅದರಾಗ ಏನ ಐತಿ ಹೇಳರ ಹೇಳು” ಅಂದಳು. ಹೇಳತೊಡಗಿದೆ. “ಅಂದ್ರ ಇದರ ಅರ್ಥ ಏನಪಾ ಅಂದ್ರ...” ಅಂದದ್ದೇ ತಡ, “ಅರ್ಥ ಆಮ್ಯಾಲ. ಮುಂದ ಏನಾತು?” ಅಂದು ಬಾಯಿ ಮುಚ್ಚಿಸಿದಳು. ಅಲ್ಲಿಂದ ಅದೇ ಕಟ್ಟಳೆ ಆಯಿತು. ರೈಲಿನಲ್ಲಿ ಓದಿದ್ದನ್ನು ರಾತ್ರಿ ಊಟ ಆದಮೇಲೆ ನಡೆದ ಸಂಗತಿಯ ಹಾಗೆ ಹೇಳಬೇಕು, ಅರ್ಥ ಹೇಳಬಾರದು.

ಹಾಗೆ ಹೇಳುವಾಗಲೇ ಪುಸ್ತಕದ ಮೊದಲ ಅಧ್ಯಾಯ ನನಗೆ ನಿಜಕ್ಕೂ ಕಂಡದ್ದು. ನಿರೂಪಕ ಈ ಬೆಟ್ಟದ ಬಗ್ಗೆ ಒಂದು ಲೇಖನ ಬರೆದಿರುತ್ತಾನೆ, ಬರೀ ಕಲ್ಪನೆ ಅಂತಲೇ. ಅದನ್ನು ಓದಿದ ಸೊಗೋಲ್, ಆ ಬೆಟ್ಟ ಇದೆಯೆಂದು ನಂಬಿದವನು ತಾನೊಬ್ಬನೇ ಅಂದುಕೊಂಡಿದ್ದೆ, ನೀವೂ ಸಿಕ್ಕಿರಿ, ಹೋಗೋಣ ಅಂತ ಕಾಗದ ಬರೆಯುತ್ತಾನೆ. ಬರೆದವನಿಗೇ ಇಲ್ಲದ ನಂಬಿಕೆ ಓದಿದವನಿಗೆ! ಇಡೀ ಪ್ರಯಾಣ ಹೊರಡುವುದು ಈ ಪೆದ್ದ ಓದಿನಿಂದ. ನಾನು ಎರಡು ಸಲ ಜಾಣನಾಗಿ ಓದಿ ಕೆಟ್ಟಿದ್ದೆ.

ಅವ್ವನ ಮೊದಲ ತಕರಾರು: “ಅಷ್ಟ ದೊಡ್ಡ ಗುಡ್ಡ ಕಾಣೂದಿಲ್ಲ ಅಂದ್ರ ಹೆಂಗ?” ಸೊಗೋಲ್‌ನ ವಿವರಣೆ ಹೀಗಿದೆ: ಬೆಟ್ಟವಿರುವ ದ್ವೀಪದ ಸುತ್ತ ಆಕಾಶವೇ ಬಾಗಿದೆ, ಬೆಳಕು ಅದನ್ನು ಬಳಸಿಕೊಂಡು ಆಚೆ ಹೋಗುತ್ತದೆ, ಹಾಗಾಗಿ ಹಿಂದಿನ ನಕ್ಷತ್ರ ಕೂಡ ಏನೂ ಅಡ್ಡವಿಲ್ಲದಂತೆ ಕಾಣುತ್ತದೆ. ನಾನು ಡೈರಿಯ ಹಿಂದಿನ ಹಾಳೆಯಲ್ಲಿ ಗೆರೆ ಎಳೆದು ಒದ್ದಾಡುತ್ತಿದ್ದೆ. ಅವ್ವ ಹಸಿರು ಬಟ್ಟೆ ಕಟ್ಟಿದ ಕಣ್ಣು ಆಚೆ ತಿರುಗಿಸಿಕೊಂಡೇ ಕೇಳುತ್ತಿದ್ದವಳು, “ಚುಕ್ಕಿ ರಂಗೋಲಿ ಇದ್ದಂಗ ಅನ್ನು. ಎಳಿ ಚುಕ್ಕಿ ಮುಟ್ಟೂದಿಲ್ಲ, ಸುತ್ತ ಹಾಕ್ಕೊಂಡ ಹೊಕ್ಕತಿ” ಅಂದಳು. ನಾನು ಒಂಬತ್ತು ಚುಕ್ಕಿ ಇಟ್ಟು ನಡುವಿನದರ ಸುತ್ತ ಎಳೆ ಹಾಯಿಸಿದೆ. ಎಳೆಯ ಮೇಲೆ ನಡೆಯುವ ಇರುವೆಗೆ ಚುಕ್ಕಿ ಯಾವತ್ತೂ ದಾರಿಗೆ ಸಿಗುವುದಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಆ ಬಾಗು ಒಂದಿಷ್ಟು ಬಿಚ್ಚಿಕೊಳ್ಳುತ್ತದೆ, ಆಗ ಒಳಗೆ ನುಗ್ಗಬೇಕು ಅನ್ನುವುದು ಸೊಗೋಲ್‌ನ ಎಣಿಕೆ. ದಕ್ಷಿಣ ಪೆಸಿಫಿಕ್ಕಿನಲ್ಲಿ ಹಡಗು ಒಳಗೆ ಎಳೆದುಕೊಂಡು ಹೋಗುವ ಪುಟಗಳನ್ನು ಆ ರಂಗೋಲಿ ಹಾಳೆ ಪಕ್ಕದಲ್ಲಿಟ್ಟುಕೊಂಡೇ ಓದಿದೆ.

ಎರಡನೇ ತಕರಾರು ಊಟದ್ದು. ಬೆಟ್ಟದ ಮೇಲೆ ಏನು ತಿಂದರು? ಪುಸ್ತಕದಲ್ಲಿ ಅದಕ್ಕೂ ಜವಾಬಿದೆ. ಅವರು ಹೊತ್ತೊಯ್ಯುವ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಸರಸರನೆ ಕಾಯಿಪಲ್ಯ ಬೆಳೆಯುವ ಕೈತೋಟವೇ ಇರುತ್ತದೆ. ಕಡೆಗೆ ಇಂಥ ಸಾಮಾನೆಲ್ಲ ಉಪಯೋಗಕ್ಕೆ ಬಾರದೆ ಕೆಳಗೇ ಉಳಿಯುತ್ತವೆ. “ಜಾತ್ರಿಗೆ ಹೊಂಟವ್ರಂಗ ಕಟಗೊಂಡ್ ಹೋಗಿದ್ರು ಅನ್ನು” ಅಂತ ಅವ್ವ ನಕ್ಕಳು. ನನಗೂ ಆಗಲೇ ಗೊತ್ತಾದದ್ದು, ಇದು ನಗಿಸಲೆಂದೇ ಬರೆದ ಪುಸ್ತಕ ಅಂತ. ವ್ಯಾಖ್ಯಾನ ಬರೆದ ಯಾರೂ ಅದನ್ನು ಹೇಳಿರಲಿಲ್ಲ.

ಆ ನಾಡಿನ ನಾಣ್ಯ ‘ಪೆರಾಡಂ’ ಅನ್ನುವ ಹರಳು. ಗಾಳಿಯಷ್ಟು ತಿಳಿ, ಎದುರಿಗಿದ್ದರೂ ಕಾಣದು. ನಿಜವಾಗಿ ಬೇಕು ಅಂತ ಹುಡುಕಿದವನಿಗೆ ಮಾತ್ರ ಇಬ್ಬನಿಯ ಹಾಗೆ ಫಳಕ್ಕನೆ ಹೊಳೆಯುತ್ತದೆ. ಇದಕ್ಕೆ ಅವ್ವ ಒಂದಿಷ್ಟೂ ಬೆರಗಾಗಲಿಲ್ಲ. ಅವಳ ತವರು ಕಪ್ಪತಗುಡ್ಡದ ಬುಡದ ಡೋಣಿ ಕಡೆ. ಹಿಂದೆ ಅಲ್ಲಿಯ ಹಳ್ಳಗಳಲ್ಲಿ ಜಲಗಾರರು ಉಸುಕನ್ನು ಮರದ ಮರಿಗೆಯಲ್ಲಿ ತೊಳೆತೊಳೆದು ಚಿನ್ನದ ಕಣ ತೆಗೆಯುತ್ತಿದ್ದರು. ಅವಳ ಅಜ್ಜಿ ಹೇಳುತ್ತಿದ್ದಳಂತೆ: ಜಲಗಾರನ ಕಣ್ಣಿಗೆ ಕಂಡ ಕಣ ಪಕ್ಕದಲ್ಲಿ ಕುಂತವರಿಗೆ ಬೆರಳಿಟ್ಟು ತೋರಿಸಿದರೂ ಕಾಣುತ್ತಿರಲಿಲ್ಲ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡು ಅನ್ನುವ ಊರಿನವಳಿಗೆ ದೋಮಾಲ್ ಹೊಸದೇನನ್ನೂ ಹೇಳಿದಂತಿರಲಿಲ್ಲ.

ದೋಮಾಲ್‌ನ ಬಗ್ಗೆಯೂ ಎರಡು ಮಾತು. ಹುಟ್ಟಿದ್ದು 1908ರಲ್ಲಿ, ಫ್ರಾನ್ಸಿನಲ್ಲಿ. ತಾನೇ ಸಂಸ್ಕೃತ ಕಲಿತು ವ್ಯಾಕರಣ ಬರೆದುಕೊಂಡವನು. ಉದಯಶಂಕರರ ನೃತ್ಯತಂಡದ ಪ್ರಚಾರದ ಕೆಲಸ ಹಿಡಿದು ಅಮೆರಿಕಕ್ಕೂ ಹೋಗಿಬಂದ. ಈ ಕಥೆ ಶುರು ಮಾಡಿದ್ದು 1939ರಲ್ಲಿ. 1944ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ 36 ವರ್ಷ. ಪುಸ್ತಕ ಅಚ್ಚಾದದ್ದು 1952ರಲ್ಲಿ, ಅವನು ಬಿಟ್ಟುಹೋದ ಹಾಗೆಯೇ.

ಹಾಗೆಯೇ ಅಂದರೆ, ಐದನೇ ಅಧ್ಯಾಯದಲ್ಲಿ, ಒಂದು ವಾಕ್ಯದ ನಡುವೆ. ಹಸಿವು ತಾಳದೆ ಒಬ್ಬ ಬೆಟ್ಟದ ಮೇಲೆ ಒಂದು ಮುದಿ ಇಲಿಯನ್ನು ಕೊಂದು ತಿಂದಿರುತ್ತಾನೆ. ಅಲ್ಲಿ ಬೇಟೆ ನಿಷಿದ್ಧ. ಆ ಇಲಿ ಹಿಡಿದು ತಿನ್ನುತ್ತಿದ್ದುದು ಜಡ್ಡಾದ ಕಣಜದ ಹುಳಗಳನ್ನು. ಇಲಿ ಹೋಯಿತು, ಜಡ್ಡು ಹಬ್ಬಿತು, ಹುಳಗಳು ಸತ್ತವು. ಹೂವಿಂದ ಹೂವಿಗೆ ಪರಾಗ ಮುಟ್ಟಿಸುತ್ತಿದ್ದುದು ಆ ಹುಳಗಳೇ. ಅವಿಲ್ಲದೆ, ಸಡಿಲ ಮಣ್ಣನ್ನು ಹಿಡಿದಿಡುವ ಎಷ್ಟೋ ಗಿಡಗಳು ಅಂತ ಬರೆದು ಒಂದು ಅಲ್ಪವಿರಾಮ. ಅಷ್ಟೇ.

ಹಳೇ ಪುಸ್ತಕದಂಗಡಿಯಲ್ಲಿ ಕೊಂಡದ್ದು, ಹಾಳೆ ಉದುರಿರಬೇಕು ಅಂತ ಹೊಲಿಗೆ ಎಣಿಸಿ ನೋಡಿದ್ದೆ. ಎಲ್ಲ ಸರಿಯಾಗಿತ್ತು.

ಅವತ್ತು ರಾತ್ರಿ ಅಲ್ಲಿಗೇ ನಿಲ್ಲಿಸಿದೆ. “ಮುಂದ?” ಅಂದಳು. ಮುಂದೆ ಇಲ್ಲ, ಬರೆಯುವವ ಸತ್ತ ಅಂದೆ. ಲೊಚ್ ಅಂದು ಸುಮ್ಮನಾದಳು. ಬಹಳ ಹೊತ್ತಾದ ಮೇಲೆ ಕತ್ತಲಲ್ಲೇ ಮಾತಾಡಿದಳು: “ಒಂದ ವರ್ಷ ನಮ್ಮ ಗುಡ್ಡಕ್ಕ ಬೆಂಕಿ ಬಿದ್ದು ಬಾದಿ ಹುಲ್ಲೆಲ್ಲ ಸುಟ್ಟಿತ್ತು. ಅದರ ಮುಂದಿನ ಮಳಿಗೆ ಅಪ್ಪನ ಹೊಲದ ತುಂಬ ಗರಸು ಬಂದು ಕುಂತಿತ್ತು. ಎರಡ ವರ್ಷ ಜ್ವಾಳ ಬೆಳೀಲಿಲ್ಲ.”

ಈಗ ಆ ಪುಸ್ತಕ ನನ್ನ ಹತ್ತಿರ ಇಲ್ಲ. ರೈಲಿನಲ್ಲಿ ದಿನಾ ಎದುರು ಕೂರುವ ಒಬ್ಬರು ಕೇಳಿದರು. ಅಂಚಿನ ಪೆನ್ಸಿಲ್ ಬರಹವನ್ನೆಲ್ಲ ರಬ್ಬರಿನಿಂದ ಅಳಿಸಿ, ರಂಗೋಲಿಯ ಹಾಳೆಯೊಂದನ್ನು ಒಳಗೇ ಬಿಟ್ಟು ಕೊಟ್ಟೆ. ಹದಿನೈದು ದಿನಕ್ಕೆ ಅವರು ಹುಲಕೋಟಿ ದಾಟುವಷ್ಟರಲ್ಲಿ ನನ್ನ ಸೀಟಿಗೇ ಬಂದು ನಿಂತು, ಸಿಟ್ಟಿನಲ್ಲೇ ಕೇಳಿದರು:

“ಕಡೀ ಹಾಳಿ ಎಲ್ಲಿ ಇಟ್ಟೀರ್ರಿ?”